ಟೆನ್ನಿಸ್ ಬ್ಯಾಟು ಹಿಡಿದೇ ಗೊತ್ತಿಲ್ಲದವರನ್ನು ಕ್ಲಬ್‌ಗೆ ಸೇರಿಸಿಕೊಳ್ಳುತ್ತಾರಾ?

ಕುವೆಂಪುನಗರದವಳು
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ವಯಸ್ಸು 42. ಕಾಲೇಜಿನಲ್ಲಿ ಶಟಲ್ ಆಡಿದ್ದೇನೆ. ಟೆನ್ನಿಸ್ ಮಾತ್ರ ಟಿವಿಯಲ್ಲಿ ನೋಡಿದ್ದಷ್ಟೇ. ಮಗಳಿಗೆ 11 ವರ್ಷ, ಅವಳಿಗೆ ತುಂಬಾ ಆಸೆ. ನಮ್ಮ ಯಜಮಾನರು ಓದುವಾಗ ಚೆನ್ನಾಗಿ ಆಡುತ್ತಿದ್ದರಂತೆ, ಬಿಟ್ಟು ಎಷ್ಟೋ ವರ್ಷ ಆಯಿತು. ಮೂರು ಜನಕ್ಕೂ ಒಂದೇ ಕಡೆ ಆಡಲು ಆಗಬೇಕು ಅನ್ನೋದು ನನ್ನ ಆಸೆ.

ಒಂದು ಕ್ಲಬ್‌ಗೆ ವಿಚಾರಿಸಲು ಹೋಗಿದ್ದೆ. ಆಫೀಸಿನವರು "ಯಾವ ಲೆವೆಲ್ ಆಡ್ತೀರಿ?" ಅಂದರು. ಈಗ ಶುರು ಮಾಡಬೇಕು ಅಂದೆ. "ಮೊದಲು ಎಲ್ಲಾದರೂ ಕೋಚಿಂಗ್ ತೊಗೊಂಡು ಬನ್ನಿ ಮೇಡಂ, ಇಲ್ಲಿ ಎಲ್ಲರೂ ಚೆನ್ನಾಗಿ ಆಡೋರು" ಅಂದರು. ಕೋಚಿಂಗ್ ಕಡೆ ಹೋದರೆ ಅಲ್ಲಿ ಬರೀ ಎಂಟು-ಹತ್ತು ವರ್ಷದ ಮಕ್ಕಳು. ನಮ್ಮಂಥವರು ಎಲ್ಲಿಗೆ ಹೋಗಬೇಕು? ಒಂದು ಕ್ಲಬ್ ಸ್ನೇಹದ್ದೋ ಅಲ್ಲವೋ ಅಂತ ದುಡ್ಡು ಕಟ್ಟುವ ಮೊದಲೇ ಗೊತ್ತಾಗುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಚಾಮುಂಡಿ_ತಪ್ಪಲು
ಮೇಡಂ, ಆಫೀಸಿನಲ್ಲಿ ಕೇಳಬೇಡಿ. ಬೆಳಿಗ್ಗೆ ಆರು ಗಂಟೆಗೆ ಸೀದಾ ಕೋರ್ಟ್ ಹತ್ತಿರ ಹೋಗಿ ಮಾರ್ಕರ್ ಜೊತೆ ಮಾತಾಡಿ. ಆಫೀಸಿನವರಿಗೆ ಫಾರ್ಮು, ಡಿಪಾಸಿಟ್ಟು ಗೊತ್ತು. ಯಾರು ಯಾರ ಜೊತೆ ಆಡುತ್ತಾರೆ, ಯಾವ ಗುಂಪಿಗೆ ನಾಲ್ಕನೆಯವರು ಸಿಗದೆ ಒದ್ದಾಡುತ್ತಿದೆ, ಇದೆಲ್ಲ ಗೊತ್ತಿರುವುದು ಮಾರ್ಕರ್‌ಗೆ.

ಜಯನಗರ_ನಾಲ್ಕು
ಮಾರ್ಕರ್ ಅಂದರೆ ಯಾರು? ಗೆರೆ ಹಾಕುವವರಾ?

ಚಾಮುಂಡಿ_ತಪ್ಪಲು
ಅಲ್ಲ. ಮೆಂಬರ್‌ಗಳ ಜೊತೆ ಆಡಲು ಕ್ಲಬ್ ಇಟ್ಟುಕೊಂಡಿರುವ ಆಟಗಾರ. ಜೊತೆಗಾರ ಬರದಿದ್ದರೆ ಅವರ ಜೊತೆ ನಾಕ್ ಮಾಡಬಹುದು (ಪಾಯಿಂಟ್ ಎಣಿಸದೆ ಸುಮ್ಮನೆ ಹೊಡೆಯುವುದು), ಗಂಟೆಗೆ ಇಷ್ಟು ಅಂತ ಕೊಡಬೇಕು. ಎಷ್ಟೋ ಮಾರ್ಕರ್‌ಗಳು ಚಿಕ್ಕ ವಯಸ್ಸಿನಲ್ಲಿ ಅದೇ ಕ್ಲಬ್‌ನಲ್ಲಿ ಚೆಂಡು ಹೆಕ್ಕುತ್ತಾ ಆಟ ಕಲಿತವರು. ಅವರಷ್ಟು ತಾಳ್ಮೆಯಿಂದ ಹೊಸಬರಿಗೆ ಚೆಂಡು ಹಾಕಿಕೊಡುವವರು ಬೇರೆ ಇಲ್ಲ. ದೊಡ್ಡ ಕೋಚ್ ಹೆಸರು ನೋಡಿ ಹೋಗುವುದಕ್ಕಿಂತ ಒಳ್ಳೆಯ ಮಾರ್ಕರ್ ಇರುವ ಕ್ಲಬ್ ಹುಡುಕಿ ಅಂತ ನಾನು ಹೇಳುತ್ತೇನೆ.

ಟಾಪ್‌ಸ್ಪಿನ್_ಗೌಡ
ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಕಡೆಯ ಮಾತನ್ನೂ ಕೇಳಿ. ನಾನು ಕೆಲಸಕ್ಕೆ ಹೋಗುವ ಮುಂಚೆ ಒಂದೇ ಒಂದು ಗಂಟೆ ಆಡಲು ಬರುತ್ತೇನೆ. ಇಡೀ ದಿನದಲ್ಲಿ ನನಗೆ ಅಂತ ಸಿಗುವುದು ಅಷ್ಟೇ. ಆ ಗಂಟೆಯಲ್ಲಿ ಎರಡು ಚೆಂಡು ಕೂಡ ವಾಪಸ್ ಬರದಿದ್ದರೆ ಏನು ಮಾಡಲಿ? ಎಲ್ಲ ಮಟ್ಟದವರಿಗೂ ಜಾಗ ಅನ್ನುವುದು ಬೋರ್ಡಿನ ಮೇಲೆ ಚೆನ್ನಾಗಿರುತ್ತದೆ. ಟೆನ್ನಿಸ್‌ನಲ್ಲಿ ಮಟ್ಟ ಹತ್ತಿರ ಇರದಿದ್ದರೆ ಇಬ್ಬರಿಗೂ ಆಟ ಇಲ್ಲ.

ನಿವೃತ್ತ_ಮೇಷ್ಟ್ರು
ಗೌಡ್ರೇ, ನಿಮಗೂ ಯಾರೋ ಮೊದಲು ಚೆಂಡು ಹಾಕಿಕೊಟ್ಟಿದ್ದಾರೆ ತಾನೇ?

ಟಾಪ್‌ಸ್ಪಿನ್_ಗೌಡ
ಹಾಕಿಕೊಟ್ಟಿದ್ದಾರೆ ಮೇಷ್ಟ್ರೇ, ಅದಕ್ಕೆ ಋಣಿ. ಹೊಸಬರು ಬೇಡ ಅಂತ ನಾನು ಹೇಳುತ್ತಿಲ್ಲ. ಹೊಸಬರ ಜವಾಬ್ದಾರಿಯನ್ನು ಕ್ಲಬ್ ತೊಗೊಳ್ಳಬೇಕು. ಆ ಹೊತ್ತಿನಲ್ಲಿ ಯಾರು ಸಿಕ್ಕರೋ ಅವರ ತಲೆಗೆ ಕಟ್ಟಬಾರದು. ಒಂದು ದಿನ, ಒಂದು ಹೊತ್ತು ಅಂತ ಗೊತ್ತು ಮಾಡಿದರೆ ನಾನೇ ಬಂದು ನಿಲ್ಲುತ್ತೇನೆ.

ರೀಡಿಂಗ್_ಕನ್ನಡತಿ
ಗೌಡರು ಹೇಳಿದ್ದರಲ್ಲಿ ನಿಜ ಇದೆ. ನಾನು ಇಂಗ್ಲೆಂಡಿನಲ್ಲಿ ಇದ್ದೇನೆ, ಇಲ್ಲಿಗೆ ಬಂದ ಮೇಲೆ 39ನೇ ವಯಸ್ಸಿನಲ್ಲಿ ಶುರು ಮಾಡಿದ್ದು. ಇಲ್ಲಿ ಸಣ್ಣ ಊರಿಗೂ ಒಂದು ಟೆನ್ನಿಸ್ ಕ್ಲಬ್ ಇರುತ್ತದೆ, ನಾಲ್ಕು-ಐದು ಕೋರ್ಟು, ಒಂದು ಮರದ ಕೋಣೆ, ಒಳಗೆ ಚಹಾ ಕಾಯಿಸಲು ಕೆಟಲ್. ಬಹಳಷ್ಟು ಕ್ಲಬ್‌ಗಳಲ್ಲಿ ವಾರಕ್ಕೆ ಒಂದೋ ಎರಡೋ ಸಂಜೆ ಎಲ್ಲರೂ ಸೇರಿ ಆಡುವ ಹೊತ್ತು ಇರುತ್ತದೆ. ಜೊತೆಗಾರರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಒಬ್ಬರೇ ಹೋದರೂ ಆಟ ಸಿಗುತ್ತದೆ.

ಅದು ನಡೆಯುವುದು ಒಂದು ಹಲಗೆಯಿಂದ. ಗೋಡೆ ಮೇಲೆ ಹಲಗೆ, ಪ್ರತಿ ಮೆಂಬರ್ ಹೆಸರಿಗೆ ಒಂದು ಚಿಕ್ಕ ಬಿಲ್ಲೆ. ಬಂದವರು ಬಂದ ಸಾಲಿನಲ್ಲಿ ಬಿಲ್ಲೆ ತೂಗುಹಾಕುತ್ತಾರೆ. ಕೋರ್ಟ್ ಖಾಲಿಯಾದ ಕೂಡಲೇ ಸಾಲಿನಲ್ಲಿ ಮೊದಲು ಇರುವವರು ತಮ್ಮ ಹಿಂದಿನ ಕೆಲವರಲ್ಲಿ ಮೂವರನ್ನು ಆರಿಸಿ ಡಬಲ್ಸ್‌ಗೆ ಹೋಗುತ್ತಾರೆ. ಒಂದು ಸೆಟ್ ಮುಗಿದರೆ ನಾಲ್ವರೂ ಹೊರಗೆ, ಬಿಲ್ಲೆ ಮತ್ತೆ ಸಾಲಿನ ಕೊನೆಗೆ. ಗಟ್ಟಿ ಆಟಗಾರರಿಗೆ ಒಂದು ಒಳ್ಳೆಯ ಸೆಟ್ ಸಿಗುತ್ತದೆ, ಹೊಸಬರಿಗೂ ಸರದಿ ಬಂದೇ ಬರುತ್ತದೆ. ಯಾರೂ ಯಾರನ್ನೂ "ನನ್ನ ಜೊತೆ ಆಡ್ತೀರಾ?" ಅಂತ ಬೇಡಿಕೊಳ್ಳಬೇಕಾಗಿಲ್ಲ.

ನಾನು ಕಂಡಂತೆ ಒಳ್ಳೆಯ ಮನಸ್ಸಿನ ಜನ ಎಲ್ಲ ಕ್ಲಬ್‌ನಲ್ಲೂ ಇರುತ್ತಾರೆ. ಪದ್ಧತಿ ಇರುವ ಕಡೆ ಮಾತ್ರ ಹೊಸಬರು ಉಳಿಯುತ್ತಾರೆ. ಮೇಡಂ, ನೀವು ಹೋದ ಕಡೆ ಇದನ್ನೇ ಕೇಳಿ: "ನಾನು ಒಬ್ಬಳೇ ಬಂದರೆ ನನಗೆ ಆಟ ಸಿಗುವುದು ಹೇಗೆ?" ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.

ಸಪ್ತಾಪುರ_ಸರ್ವಿಸ್
ನಮ್ಮ ಧಾರವಾಡಕ್ಕ ಬರ್ರಿ ಮೇಡಂ! ಇಲ್ಲಿ ಹೊಸಬರು ಬಂದರೆ ಆಟಕ್ಕಿಂತ ಮೊದಲು ಚಹಾ ಕೊಡುತ್ತಾರೆ. ತಮಾಷೆ ಅಲ್ಲ, ಸಣ್ಣ ಊರಿನ ಕೋರ್ಟ್‌ಗಳಲ್ಲಿ ನಾಲ್ಕು ಜನ ಸೇರುವುದೇ ಕಷ್ಟ, ಹಂಗಾಗಿ ಯಾರು ಬಂದರೂ ಖುಷಿ. ಡಾಕ್ಟರು, ವಕೀಲರು, ಬ್ಯಾಂಕಿನವರು, ಇಂಜಿನಿಯರಿಂಗ್ ಹುಡುಗರು ಎಲ್ಲ ಒಂದೇ ಕೋರ್ಟಿನಲ್ಲಿ. 2023ರಲ್ಲಿ ಧಾರವಾಡ, ಕಲಬುರಗಿ, ನಿಮ್ಮ ಮೈಸೂರು ಮೂರೂ ಕಡೆ ಪುರುಷರ ಐಟಿಎಫ್ (ಅಂತರರಾಷ್ಟ್ರೀಯ ಟೆನ್ನಿಸ್ ಫೆಡರೇಶನ್) ಟೂರ್ನಿ ನಡೆದವು. ಟೆನ್ನಿಸ್ ಬರೀ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಸೇರಿದ್ದು ಅನ್ನುವ ಕಾಲ ಹೋಯಿತು.

ಎಡಗೈ_ಎಕ್ಕ
42 ಏನು ವಯಸ್ಸು ಮೇಡಂ? ನಮ್ಮ ಕೊಡಗಿನ ರೋಹನ್ ಬೋಪಣ್ಣ ಮೊದಲ ಗ್ರ್ಯಾಂಡ್‌ಸ್ಲಾಮ್ ಗೆದ್ದಾಗ 43!

ನಿವೃತ್ತ_ಮೇಷ್ಟ್ರು
ತಿದ್ದುಪಡಿ. ಅದು ಪುರುಷರ ಡಬಲ್ಸ್‌ನಲ್ಲಿ ಮೊದಲನೆಯದು, 2024ರ ಆಸ್ಟ್ರೇಲಿಯನ್ ಓಪನ್, ಜೊತೆಗಾರ ಮ್ಯಾಥ್ಯೂ ಎಬ್ಡನ್. ಅದಕ್ಕೂ ಮೊದಲು 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದಿದ್ದರು.

ಎಡಗೈ_ಎಕ್ಕ
ಸರಿ ಮೇಷ್ಟ್ರೇ. ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆಗಿದ್ದು ಆ ಟೂರ್ನಿಯಿಂದಲೇ ಅಲ್ವಾ?

ನಿವೃತ್ತ_ಮೇಷ್ಟ್ರು
ಹೌದು, ಅಷ್ಟು ವಯಸ್ಸಿನಲ್ಲಿ ಮೊದಲ ಸಲ ನಂಬರ್ ಒನ್ ಆದವರು ಅವರೇ. ಮಂಡಿಯಲ್ಲಿ ಕಾರ್ಟಿಲೇಜ್ ಉಳಿದಿಲ್ಲ, ಅಯ್ಯಂಗಾರ್ ಯೋಗದಿಂದ ನೋವು ಹಿಡಿತಕ್ಕೆ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ ಕೊಡಗಿನ ಆಟಗಾರನ ಮಂಡಿ ಕಾಯಿತು, ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಫಿಸಿಯೋ_ಶಿವಮೊಗ್ಗ
ಮಂಡಿ ಮಾತು ಬಂದದ್ದಕ್ಕೆ ಎರಡು ಮಾತು. ನಲವತ್ತರ ಆಸುಪಾಸಿನಲ್ಲಿ ಶುರು ಮಾಡುವವರು ನನ್ನ ಹತ್ತಿರ ಬರುವುದು ಹೆಚ್ಚಾಗಿ ಮೊಣಕೈ ನೋವಿಗೆ. ಮೊಣಕೈ ಹೊರಬದಿಯಲ್ಲಿ ನೋವು, ಲೋಟ ಎತ್ತಿದರೂ ಚುಳುಕ್ ಅನ್ನುತ್ತದೆ. ಅದಕ್ಕೆ ಟೆನ್ನಿಸ್ ಎಲ್ಬೋ ಅಂತ ಹೆಸರಿದ್ದರೂ ಬರುವವರಲ್ಲಿ ಬಹುಪಾಲು ಜನ ಟೆನ್ನಿಸ್ ಆಡುವವರೇ ಅಲ್ಲ.

ಆಡುವವರಲ್ಲಿ ಕಾರಣ ಸಾಮಾನ್ಯವಾಗಿ ಇವು: ಚೆಂಡಿಗೆ ತಡವಾಗಿ ತಲುಪಿ ಬ್ಯಾಕ್‌ಹ್ಯಾಂಡನ್ನು ಮಣಿಕಟ್ಟಿನಿಂದ ತಳ್ಳುವುದು, ಅಳತೆಗೆ ಸರಿಯಿಲ್ಲದ ಹಿಡಿ, ಬಿಗಿಯಾದ ಗಟ್ಟಿಂಗ್, ಅಂದರೆ ಬ್ಯಾಟಿಗೆ ಕಟ್ಟುವ ದಾರ. ಅಂಗಡಿಯವರು ದೊಡ್ಡ ಆಟಗಾರರು ಬಳಸುತ್ತಾರೆ ಅಂತ ಪಾಲಿಯೆಸ್ಟರ್ ದಾರ ಹಾಕಿಸಿಬಿಡುತ್ತಾರೆ. ಹೊಸಬರಿಗೆ ಅದು ಬೇಡ. ಮೆತ್ತಗಿನ ಸಿಂಥೆಟಿಕ್ ಗಟ್ ಅಥವಾ ಮಲ್ಟಿಫಿಲಮೆಂಟ್ ದಾರ ಕೇಳಿ, ಬಿಗಿತ 50 ಪೌಂಡ್ ಆಸುಪಾಸು ಸಾಕು. ಬ್ಯಾಕ್‌ಹ್ಯಾಂಡ್ ಎರಡು ಕೈಯಲ್ಲಿ ಕಲಿಯಿರಿ, ಮೊಣಕೈ ಮೇಲೆ ಹೊರೆ ಕಡಿಮೆ.

ಇನ್ನೊಂದು, ಶೂ. ಓಡುವ ಶೂ ಹಾಕಿ ಟೆನ್ನಿಸ್ ಆಡಬೇಡಿ. ಅದು ಮುಂದಕ್ಕೆ ಓಡಲು ಮಾಡಿದ್ದು. ಟೆನ್ನಿಸ್‌ನಲ್ಲಿ ಅಕ್ಕಪಕ್ಕಕ್ಕೆ ಜಿಗಿಯುತ್ತೀರಿ, ಹಿಮ್ಮಡಿ ಎತ್ತರ ಇದ್ದರೆ ಪಾದ ಹೊರಳುತ್ತದೆ. ಬ್ಯಾಟಿನಲ್ಲಿ ದುಡ್ಡು ಉಳಿಸಿ, ಅದನ್ನು ಶೂಗೆ ಹಾಕಿ.

ಜಯನಗರ_ನಾಲ್ಕು
ಟೆನ್ನಿಸ್ ಆಡಿದರೆ ಆಯಸ್ಸು ಹತ್ತು ವರ್ಷ ಜಾಸ್ತಿ ಅಂತ ಓದಿದ್ದೆ. ನಿಜಾನಾ ಡಾಕ್ಟ್ರೇ?

ಫಿಸಿಯೋ_ಶಿವಮೊಗ್ಗ
ಅದು ಕೋಪನ್‌ಹೇಗನ್‌ನ ಅಧ್ಯಯನ, 2018ರಲ್ಲಿ ಬಂದದ್ದು. ಸುಮಾರು 8,500 ಜನರನ್ನು ವರ್ಷಗಟ್ಟಲೆ ಗಮನಿಸಿದ್ದರು. ಕೂತೇ ಇರುವವರಿಗಿಂತ ಟೆನ್ನಿಸ್ ಆಡುವವರು 9.7 ವರ್ಷ ಜಾಸ್ತಿ ಬದುಕಿದ್ದರು, ಬ್ಯಾಡ್ಮಿಂಟನ್ ಆಡುವವರು 6.2 ವರ್ಷ. ಆದರೆ ಟೆನ್ನಿಸ್‌ನಿಂದಲೇ ಆಯಸ್ಸು ಬಂತು ಅಂತ ಹೇಳಲು ಆಗುವುದಿಲ್ಲ. ಟೆನ್ನಿಸ್ ಆಡುವವರು ಅನುಕೂಲಸ್ಥರೂ ಆಗಿರುತ್ತಾರೆ. ಜನರ ಜೊತೆ ಬೆರೆತು ಆಡುವ ಆಟಗಳು ಮುಂದಿವೆ ಅನ್ನುವುದನ್ನು ಅಧ್ಯಯನ ಮಾಡಿದವರೂ ಗಮನಿಸಿದ್ದರು. ಇಲ್ಲಿ ನಡೆಯುತ್ತಿರುವ ಮಾತಿಗೆ ಅದೇ ಮುಖ್ಯ ಅನಿಸುತ್ತದೆ. ಯಾರೂ ಮಾತಾಡಿಸದ ಕ್ಲಬ್‌ಗೆ ಸೇರಿ ಏನು ಪ್ರಯೋಜನ?

ಎರಡು_ಪುಟ
"ಎಲ್ಲ ಮಟ್ಟದವರು" ಅಂತ ಇಷ್ಟು ಹೊತ್ತು ಮಾತಾಡಿದಿರಿ, ನಮ್ಮ ಮಾತು ಬರಲೇ ಇಲ್ಲ. ನಾನು ಗಾಲಿಕುರ್ಚಿಯಲ್ಲಿ ಕೂತು ಟೆನ್ನಿಸ್ ಆಡುತ್ತೇನೆ, ಬೆಂಗಳೂರಿನಲ್ಲಿ. ನಮ್ಮ ಆಟಕ್ಕೆ ಬೇರೆ ಕೋರ್ಟ್ ಬೇಡ, ಬೇರೆ ನೆಟ್ ಬೇಡ, ಬೇರೆ ಚೆಂಡು ಬೇಡ. ಒಂದೇ ವ್ಯತ್ಯಾಸ, ಚೆಂಡು ಎರಡು ಸಲ ಪುಟ ಬೀಳಬಹುದು. ಎರಡನೇ ಪುಟ ಗೆರೆ ಆಚೆ ಬಿದ್ದರೂ ನಡೆಯುತ್ತದೆ. ನಿಂತು ಆಡುವವರು ನಮ್ಮ ಎದುರು ಆಡಬಹುದು, ಅವರಿಗೆ ಒಂದು ಪುಟ, ನಮಗೆ ಎರಡು. 1976ರಲ್ಲಿ ಅಮೆರಿಕದಲ್ಲಿ ಬ್ರಾಡ್ ಪಾರ್ಕ್ಸ್ ಶುರು ಮಾಡಿದ ಆಟ 1992ರ ಬಾರ್ಸಿಲೋನಾ ಪ್ಯಾರಾಲಿಂಪಿಕ್ಸ್ ಹೊತ್ತಿಗೆ ಪದಕದ ಆಟವಾಯಿತು.

ಕಷ್ಟ ಕೋರ್ಟಿನ ಒಳಗೆ ಇಲ್ಲ, ಕೋರ್ಟಿಗೆ ಹೋಗುವ ದಾರಿಯಲ್ಲಿದೆ. ನಾನು ನೋಡಿದ ಒಂದು ಕ್ಲಬ್‌ನಲ್ಲಿ ಬೇಲಿಯ ಗೇಟು ಎಷ್ಟು ಸಣ್ಣದು ಅಂದರೆ ಆಟದ ಕುರ್ಚಿ ಒಳಗೆ ಹೋಗುವುದೇ ಇಲ್ಲ. ಆಟದ ಕುರ್ಚಿಯ ಗಾಲಿಗಳು ಓರೆಯಾಗಿ ಹೊರಗೆ ಚಾಚಿರುತ್ತವೆ, ಮಾಮೂಲಿ ಕುರ್ಚಿಗಿಂತ ಅಗಲ. ಕೇಳಿದರೆ "ಇಲ್ಲಿವರೆಗೆ ಯಾರೂ ಬಂದಿಲ್ಲ ಸರ್" ಅಂದರು. ಗೇಟು ಹೀಗಿದ್ದರೆ ಬರುವುದಾದರೂ ಹೇಗೆ? ಒಂದು ಅಗಲದ ಗೇಟು, ಒಂದು ರ‍್ಯಾಂಪು, ಗಾಲಿಕುರ್ಚಿ ಹಿಡಿಸುವ ಒಂದು ಟಾಯ್ಲೆಟ್ಟು. ಕೇಳುತ್ತಿರುವುದು ಇಷ್ಟೇ.

ಚಾಮುಂಡಿ_ತಪ್ಪಲು
ಸರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಮಿಟಿ ಮೀಟಿಂಗಿನಲ್ಲಿ ಗೇಟಿನ ವಿಷಯ ಎತ್ತುತ್ತೇನೆ. ಎಷ್ಟು ಅಗಲ ಬೇಕು ಹೇಳಿ.

ಎರಡು_ಪುಟ
ನಾಲ್ಕು ಅಡಿ ಇದ್ದರೆ ಒಳ್ಳೆಯದು. ಹೊಸಿಲು ಮಾತ್ರ ಇರಲೇಬಾರದು.

ಕುಂದಾಪ್ರ_ಕಡಲು
ಕಣ್ಣು ಕಾಣದವರ ಟೆನ್ನಿಸ್ ಕೂಡ ಇದೆ. ಜಪಾನಿನಲ್ಲಿ ಶುರುವಾದದ್ದು. ಸ್ಪಂಜಿನ ಚೆಂಡು, ಒಳಗೆ ಗಲಗಲ ಸದ್ದು ಮಾಡುವ ಗುಂಡು. ಸದ್ದು ಕೇಳಿ ಹೊಡೆಯುವುದು. ಪೂರ್ತಿ ಕಾಣದವರಿಗೆ ಮೂರು ಪುಟದವರೆಗೆ ಅವಕಾಶ.

ಪಿಕಲ್_ಪ್ರವೀಣ
ಇಷ್ಟೆಲ್ಲ ಕಷ್ಟ ಯಾಕೆ? ಪಿಕಲ್‌ಬಾಲ್ ಆಡಿ ಮೇಡಂ, ಚಿಕ್ಕ ಕೋರ್ಟು, ತೂತಿರುವ ಪ್ಲಾಸ್ಟಿಕ್ ಚೆಂಡು. ಅರ್ಧ ಗಂಟೆಯಲ್ಲಿ ಬರುತ್ತದೆ. ಮೂರು ಜನಾನೂ ಒಟ್ಟಿಗೆ ಆಡಬಹುದು.

ಟಾಪ್‌ಸ್ಪಿನ್_ಗೌಡ
ಬಂತು ನೋಡಿ! ಒಂದು ಟೆನ್ನಿಸ್ ಕೋರ್ಟ್ ಜಾಗದಲ್ಲಿ ನಾಲ್ಕು ಪಿಕಲ್‌ಬಾಲ್ ಕೋರ್ಟ್ ಹಿಡಿಸುತ್ತವೆ ಅಂತ ಎಲ್ಲ ಕಡೆ ನಮ್ಮ ಕೋರ್ಟಿಗೆ ಗೆರೆ ಹೊಡೆಯುತ್ತಿದ್ದಾರೆ. ಆಡುವವರು ಆಡಲಿ, ಇರುವ ಟೆನ್ನಿಸ್ ಕೋರ್ಟ್ ಕಿತ್ತುಕೊಳ್ಳಬೇಡಿ.

ಪಿಕಲ್_ಪ್ರವೀಣ
ಸರ್, ಜನ ಅಲ್ಲಿಗೆ ಯಾಕೆ ಹೋಗುತ್ತಿದ್ದಾರೆ ಅಂತಾನೂ ಯೋಚಿಸಿ. ಅಲ್ಲಿ ಯಾರೂ "ಯಾವ ಲೆವೆಲ್?" ಅಂತ ಕೇಳುವುದಿಲ್ಲ. ಕೈಗೆ ಬ್ಯಾಟು ಕೊಟ್ಟು ನಿಲ್ಲಿಸುತ್ತಾರೆ.

ನಿವೃತ್ತ_ಮೇಷ್ಟ್ರು
ಪ್ರವೀಣರ ಮಾತು ಟೆನ್ನಿಸ್ ಕ್ಲಬ್‌ನವರು ಕೇಳಿಸಿಕೊಳ್ಳಬೇಕಾದ್ದು. ಟೆನ್ನಿಸ್‌ನಲ್ಲೂ ಅದಕ್ಕೆ ದಾರಿ ಇದೆ, ಬಳಸುವವರಿಲ್ಲ. 2007ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ ನಿಧಾನದ ಚೆಂಡುಗಳನ್ನು ಎಲ್ಲ ಕಡೆ ಬಳಸಿ ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಕೆಂಪು ಚೆಂಡು ಮಾಮೂಲಿ ಹಳದಿ ಚೆಂಡಿಗಿಂತ ಶೇ 75 ನಿಧಾನ, ಕಿತ್ತಳೆ ಶೇ 50, ಹಸಿರು ಶೇ 25. ಕೆಂಪು ಚೆಂಡಿಗೆ ಕೋರ್ಟೂ ಚಿಕ್ಕದು, ಹನ್ನೊಂದು ಮೀಟರ್ ಉದ್ದ ಸಾಕು. ಪೂರ್ತಿ ಕೋರ್ಟು 23.77 ಮೀಟರ್. ಮೊದಲ ದಿನವೇ ಸರ್ವಿಸ್ ಮಾಡಿ, ನಾಲ್ಕು ಸಲ ಚೆಂಡು ಆಚೆ ಈಚೆ ಕಳಿಸಿ, ಪಾಯಿಂಟ್ ಎಣಿಸಿ ಮನೆಗೆ ಹೋಗಬೇಕು ಅನ್ನುವುದು ಅದರ ಉದ್ದೇಶ. ನಮ್ಮಲ್ಲಿ ಆ ಚೆಂಡು ಮಕ್ಕಳಿಗೆ ಮಾತ್ರ ಅಂತ ತಿಳಿದಿದ್ದಾರೆ. ದೊಡ್ಡವರಿಗೂ ಅದರಿಂದಲೇ ಶುರು ಮಾಡಿಸಬೇಕು. ಯಾವ ಕ್ಲಬ್‌ನಲ್ಲಿ ಕಿತ್ತಳೆ, ಹಸಿರು ಚೆಂಡಿನ ಬುಟ್ಟಿ ಕಾಣುತ್ತದೋ ಅಲ್ಲಿಗೆ ಹೋಗಿ ಮೇಡಂ. ತಾಯಿ ಮಗಳು ಇಬ್ಬರಿಗೂ ಒಂದೇ ಚೆಂಡು ಆಗುತ್ತದೆ.

ಎಡಿಸನ್_ಕನ್ನಡಿಗ
ನ್ಯೂಜೆರ್ಸಿಯಿಂದ. ಇಲ್ಲಿ ಪಾರ್ಕಿನ ಕೋರ್ಟುಗಳಲ್ಲಿ ಮೊದಲು ಬಂದವರು ಮೊದಲು ಆಡಬಹುದು. ಲೀಗ್ ಆಡಬೇಕಾದರೆ ಅಂಕ ಇರುತ್ತದೆ, 2.5, 3.0, 3.5 ಹೀಗೆ. ಸೇರುವಾಗ ನಾವೇ ನಮ್ಮ ಮಟ್ಟ ಬರೆದುಕೊಳ್ಳುತ್ತೇವೆ. 2.5 ಅಂದರೆ ಈಗಷ್ಟೇ ಚೆಂಡು ವಾಪಸ್ ಕಳಿಸಲು ಬರುವವರು, ಅವರಿಗೂ ಟೀಮು ಇದೆ, ಕ್ಯಾಪ್ಟನ್ ಇದ್ದಾರೆ. ಗೌಡರ ಪ್ರಶ್ನೆಗೆ ಇದೂ ಒಂದು ಉತ್ತರ. ಮಟ್ಟ ಕೇಳುವುದು ತಪ್ಪಲ್ಲ. ಕೇಳಿ ಗೇಟ್ ಮುಚ್ಚುತ್ತೀರೋ, ಸರಿಯಾದ ಗುಂಪಿಗೆ ಸೇರಿಸುತ್ತೀರೋ ಅನ್ನುವುದು ಮುಖ್ಯ.

ಟಾಪ್‌ಸ್ಪಿನ್_ಗೌಡ
ಇದನ್ನು ಒಪ್ಪುತ್ತೇನೆ.

ಹಾಸನದ_ಹೇಮಾ
ಗಂಡಸರೇ ಜಾಸ್ತಿ ಮಾತಾಡುತ್ತಿದ್ದೀರಿ, ಅಕ್ಕ ಕೇಳಲು ಸಂಕೋಚಪಟ್ಟದ್ದನ್ನು ನಾನು ಹೇಳುತ್ತೇನೆ. ಬಟ್ಟೆ. ಸ್ಕರ್ಟ್ ಹಾಕಲೇಬೇಕು ಅಂತ ಏನೂ ಇಲ್ಲ. ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು, ಚೆಂಡು ಇಟ್ಟುಕೊಳ್ಳಲು ಜೇಬು ಇರಲಿ. ಕ್ಲಬ್ ನೋಡಲು ಹೋದಾಗ ಹೆಂಗಸರ ಡ್ರೆಸ್ಸಿಂಗ್ ರೂಮಿಗೆ ಹೋಗಿ ನೋಡಿ. ಅಲ್ಲಿ ಹಳೇ ಕುರ್ಚಿ, ಪೇಂಟ್ ಡಬ್ಬ ತುಂಬಿದ್ದರೆ ಆ ಕ್ಲಬ್‌ಗೆ ಹೆಂಗಸರು ಬರುತ್ತಿಲ್ಲ ಅಂತ ಅರ್ಥ. ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತಾ, ಸಂಜೆ ಪಾರ್ಕಿಂಗ್ ಹತ್ತಿರ ಲೈಟ್ ಇದೆಯಾ, ಇಷ್ಟು ನೋಡಿದರೆ ಬಾಕಿದ್ದು ತಾನೇ ಗೊತ್ತಾಗುತ್ತದೆ.

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಬಹಳ ಕಡೆ ಕೋರ್ಟು ಖಾಲಿ ಇರುತ್ತದೆ. ನಾವು ಐದಾರು ಹೆಂಗಸರು ಸೇರಿ ಆ ಹೊತ್ತು ಕೇಳಿ ತೊಗೊಂಡೆವು, ಮಾರ್ಕರ್ ಕಲಿಸಿದರು. ಈಗ ನಾವೇ ಹೊಸಬರಿಗೆ ಕಲಿಸುತ್ತಿದ್ದೇವೆ.

ಕುವೆಂಪುನಗರದವಳು
ಹೇಮಾ, ಬಹಳ ಥ್ಯಾಂಕ್ಸ್! ಇದನ್ನೇ ಕೇಳಬೇಕಿತ್ತು. ದುಡ್ಡಿನ ವಿಷಯ ಕೂಡ ಯಾರಾದರೂ ಹೇಳಿ. ಒಂದೊಂದು ಕಡೆ ಒಂದೊಂದು ಥರ ಹೇಳುತ್ತಾರೆ.

ಚಾಮುಂಡಿ_ತಪ್ಪಲು
ಮೊದಲೇ ಪರ್ಮನೆಂಟ್ ಮೆಂಬರ್ ಆಗಬೇಡಿ. ಅದಕ್ಕೆ ಎಂಟ್ರೆನ್ಸ್ ಫೀಸು, ಡಿಪಾಸಿಟ್ಟು, ಇಬ್ಬರು ಹಳೇ ಮೆಂಬರ್‌ಗಳ ಸಹಿ ಎಲ್ಲ ಕೇಳುತ್ತಾರೆ. ತಿಂಗಳ ಲೆಕ್ಕದ ಟೆಂಪರರಿ ಮೆಂಬರ್‌ಶಿಪ್ ಇದೆಯಾ ಕೇಳಿ. ಕೋರ್ಟ್ ಫೀಸು ಅದರಲ್ಲೇ ಸೇರಿದೆಯಾ, ಲೈಟ್ ದುಡ್ಡು ಬೇರೆಯಾ, ಚೆಂಡು ಯಾರು ತರಬೇಕು, ಇವನ್ನು ಬಿಡಿಸಿ ಕೇಳಿ. ನಮ್ಮಲ್ಲಿ ಡಬಲ್ಸ್‌ನ ನಾಲ್ವರು ಸರದಿಯ ಮೇಲೆ ಒಂದೊಂದು ಡಬ್ಬ ತರುತ್ತೇವೆ.

ಮಣ್ಣಿನ ಕೋರ್ಟೋ ಸಿಮೆಂಟಿನದೋ ಅನ್ನುವುದನ್ನೂ ನೋಡಿ. ಮಣ್ಣು ಮಂಡಿಗೆ ಒಳ್ಳೆಯದು, ಚೆಂಡು ನಿಧಾನವಾಗಿ ಏಳುತ್ತದೆ, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಆದರೆ ದಿನಾ ನೀರು ಹೊಡೆದು, ರೋಲರ್ ಎಳೆದು, ಗೆರೆ ಹಾಕಬೇಕು. ಜೂನ್ ಬಂದರೆ ಮುಗಿಯಿತು, ಒಂದು ಜೋರು ಮಳೆಗೆ ಎರಡು ದಿನ ಆಟ ಇಲ್ಲ. ಸಿಮೆಂಟಿನ ಕೋರ್ಟಾದರೆ ನೀರು ತಳ್ಳಿದ ಅರ್ಧ ಗಂಟೆಗೆ ಆಡಬಹುದು. ಮಣ್ಣಿನ ಕೋರ್ಟ್ ಮಾತ್ರ ಇದ್ದರೆ ಮಳೆ ತಿಂಗಳ ಫೀಸು ಏನು ಮಾಡುತ್ತಾರೆ ಅಂತ ಕೇಳಿ.

ಜಯನಗರ_ನಾಲ್ಕು
ಚೆಂಡು ಹಳದಿ ಯಾಕೆ? ಮೊದಲು ಬಿಳಿ ಇತ್ತಂತೆ.

ನಿವೃತ್ತ_ಮೇಷ್ಟ್ರು
ಕಲರ್ ಟಿವಿಯಿಂದ. ಬಿಳಿ ಚೆಂಡು ಟಿವಿಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. 1972ರಲ್ಲಿ ಹಳದಿಗೆ ಒಪ್ಪಿಗೆ ಸಿಕ್ಕಿತು. ವಿಂಬಲ್ಡನ್ ಮಾತ್ರ ಬಿಳಿಯದನ್ನೇ ಇಟ್ಟುಕೊಂಡಿತ್ತು, ಹಳದಿಗೆ ಬಂದದ್ದು 1986ರಲ್ಲಿ.

ಕುವೆಂಪುನಗರದವಳು
ನಿಮ್ಮೆಲ್ಲರ ಮಾತು ಕೇಳಿ ಈ ವಾರ ಬೇರೆ ಎರಡು ಕಡೆ ಹೋಗಿ ಬಂದೆ. ಒಂದು ಕಡೆ ಕೋರ್ಟು ಹೊಸದು, ಲೈಟು ಜೋರು. ಆದರೆ "ಒಬ್ಬಳೇ ಬಂದರೆ ಆಟ ಹೇಗೆ ಸಿಗುತ್ತದೆ?" ಅಂದದ್ದಕ್ಕೆ "ನಿಮ್ಮ ಗ್ರೂಪ್ ಕರ್ಕೊಂಡು ಬನ್ನಿ" ಅಂದರು. ಇನ್ನೊಂದು ಕಡೆ ಮಣ್ಣಿನ ಕೋರ್ಟು, ಎರಡೇ ಇವೆ. ಮಾರ್ಕರ್ ಅಣ್ಣ ನನ್ನನ್ನೂ ಮಗಳನ್ನೂ ಅರ್ಧ ಕೋರ್ಟಿನಲ್ಲಿ ನಿಲ್ಲಿಸಿ ಹಳೇ ಚೆಂಡಿನಲ್ಲಿ ಹೊಡೆಸಿದರು. ಪಕ್ಕದ ಕೋರ್ಟಿನಲ್ಲಿ ಆಡುತ್ತಿದ್ದ ಹಿರಿಯರೊಬ್ಬರು ಆಟ ಮುಗಿಸಿ ಬಂದು, ಭಾನುವಾರ ಎಲ್ಲರೂ ಸೇರಿ ಆಡುತ್ತೇವೆ, ಯಜಮಾನರನ್ನೂ ಕರೆತನ್ನಿ ಅಂದರು. ಹೆಂಗಸರ ರೂಮು ಚಿಕ್ಕದು, ಆದರೆ ಚೊಕ್ಕಟವಾಗಿತ್ತು. ತಿಂಗಳ ಲೆಕ್ಕದಲ್ಲಿ ಸೇರುತ್ತಿದ್ದೇವೆ. ಗೇಟಿನ ಅಗಲ ಕೂಡ ನೋಡಿದೆ ಸರ್, ಸಾಲದು. ಕಮಿಟಿಯವರಿಗೆ ಹೇಳಿದ್ದೇನೆ.

ಎರಡು_ಪುಟ
ನೋಡಿದಿರಲ್ಲ, ಅದೇ ದೊಡ್ಡದು. ಗೇಟು ಅಗಲ ಮಾಡಿದರೆ ಹೇಳಿ, ಮೈಸೂರಿಗೆ ಆಡಲು ಬರುತ್ತೇನೆ.

ಟಾಪ್‌ಸ್ಪಿನ್_ಗೌಡ
ಒಳ್ಳೆಯದಾಯಿತು ಮೇಡಂ. ಭಾನುವಾರ ಹಲಗೆ-ಬಿಲ್ಲೆ ಪದ್ಧತಿ ಅಲ್ಲಿ ಹೇಳಿ ನೋಡಿ. ನಾನು ನಮ್ಮ ಕ್ಲಬ್‌ನಲ್ಲಿ ಶನಿವಾರ ಸಂಜೆಗೆ ಹೇಳಿದ್ದೇನೆ, ಸೆಕ್ರೆಟರಿ ಒಪ್ಪಿದ್ದಾರೆ.

ಕುವೆಂಪುನಗರದವಳು
ಖಂಡಿತ ಹೇಳುತ್ತೇನೆ. ಕೊನೆಗೊಂದು ಪ್ರಶ್ನೆ. ಮಗಳಿಗೆ ದೊಡ್ಡವರ ಬ್ಯಾಟೇ ಕೊಡಿಸಲಾ, ಚಿಕ್ಕದಾ? ಅಂಗಡಿಯಲ್ಲಿ ದೊಡ್ಡದು ತೊಗೊಳ್ಳಿ, ಬೆಳೆಯೋ ಮಕ್ಕಳು ಅಂದರು.

ಫಿಸಿಯೋ_ಶಿವಮೊಗ್ಗ
ಬೇಡ. ದೊಡ್ಡವರದ್ದು 27 ಇಂಚು. 11 ವರ್ಷಕ್ಕೆ ಸಾಮಾನ್ಯವಾಗಿ 26 ಸರಿ. ನೆಟ್ಟಗೆ ನಿಲ್ಲಿಸಿ, ಕೈ ಕೆಳಗೆ ಇಳಿಬಿಟ್ಟು ಬ್ಯಾಟು ಹಿಡಿಸಿ. ತುದಿ ನೆಲಕ್ಕೆ ಈಗ ತಾಗಿತು ಅನ್ನುವಷ್ಟಿದ್ದರೆ ಅದೇ ಅಳತೆ. ಮೊಣಕೈ ಮಡಚಿ ಹಿಡಿಯಬೇಕಾಗಿ ಬಂದರೆ ಉದ್ದ ಜಾಸ್ತಿ ಅಂತ ಅರ್ಥ. ಭಾರದ ಬ್ಯಾಟು ಕೊಟ್ಟರೆ ಮಣಿಕಟ್ಟು ಸೋಲುತ್ತದೆ, ತಪ್ಪು ಹಿಡಿತ ರೂಢಿಯಾಗುತ್ತದೆ.

ಹಾಸನದ_ಹೇಮಾ
ಕೊಳ್ಳುವ ಮೊದಲು ಮಾರ್ಕರ್‌ನ ಕೇಳಿ ಅಕ್ಕ. ಬೆಳೆದ ಮಕ್ಕಳ 26 ಇಂಚಿನ ಬ್ಯಾಟು ಕ್ಲಬ್‌ನಲ್ಲಿ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಹಿಡಿಗೆ ಹೊಸ ಗ್ರಿಪ್ ಸುತ್ತಿಸಿದರೆ ಸಾಕು.